ಸತ್ಯಾಂಶ: ಕ್ಲೌಡ್‌ಗೆ ಹಾಕಿದ ಲೆಕ್ಕ ಅಮೆರಿಕಕ್ಕೆ ಹೋಗುತ್ತಾ?

ಕಲಬುರಗಿ ಗಂಜ್ ವ್ಯಾಪಾರಿಗಳ ನಡುವೆ ಒಂದು ಮೆಸೇಜ್ ಸುತ್ತುತ್ತಿದೆ: “ಲೆಕ್ಕ ಕ್ಲೌಡ್‌ಗೆ ಹಾಕಬೇಡಿ. ಎಲ್ಲಾ ಅಮೆರಿಕಕ್ಕೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ನಮ್ಮ ಕಂಪ್ಯೂಟರೇ ಸೇಫ್.”

ಹಾಗೇನಿಲ್ಲ. ಕ್ಲೌಡ್ ಅಂದರೆ ಇಂಟರ್ನೆಟ್ ಮೂಲಕ ನಾವು ಬಳಸುವ, ಬೇರೆ ಕಂಪನಿಯ ಕಂಪ್ಯೂಟರ್‌ಗಳು. ದೊಡ್ಡ ಸೇವೆಗಳಲ್ಲಿ ಡೇಟಾ ಎಲ್ಲಿರಬೇಕು ಅಂತ ನಾವೇ ಆರಿಸಬಹುದು. ಅಮೆಜಾನ್‌ನ ಕ್ಲೌಡ್ ಸೇವೆ ಮುಂಬೈಯಲ್ಲಿ 2016ರಿಂದ, ಹೈದರಾಬಾದಿನಲ್ಲಿ 2022ರಿಂದ ಇದೆ. ಹೈದರಾಬಾದ್ ನಮಗೆ ಬೆಳಗ್ಗೆ ಹೋಗಿ ರಾತ್ರಿ ಬರುವ ಊರು. ಇಂಥ ಸೇವೆಗಳಲ್ಲಿ ಡೇಟಾ ಎನ್‌ಕ್ರಿಪ್ಟ್ ಆಗಿರುತ್ತದೆ, ಅಂದರೆ ಗುಪ್ತ ಸಂಕೇತದಲ್ಲಿರುತ್ತದೆ; ಕೀಲಿ ಇಲ್ಲದವರು ಓದಲಾಗದು. ಎಚ್ಚರ ಬೇಕಿರುವುದು ನಮ್ಮ ಕಡೆ: ಸುಲಭದ ಪಾಸ್‌ವರ್ಡ್, ಎಲ್ಲರಿಗೂ ತೆರೆದಿಟ್ಟ ಸೆಟ್ಟಿಂಗ್. ಇನ್ನು ನಮ್ಮ ಕಂಪ್ಯೂಟರ್? ಕರೆಂಟ್ ಏರಿಳಿತಕ್ಕೆ ಹಾರ್ಡ್‌ಡಿಸ್ಕ್ ಸುಟ್ಟರೆ ವರ್ಷಗಳ ಲೆಕ್ಕವೇ ಹೋಯಿತು.

ಲಾಭ ಏನು ಅಂತ ನೋಡಲು ಒಂದು ದಾಲ್ ಮಿಲ್ ತಗೊಳ್ಳಿ. ತೊಗರಿ ಖರೀದಿ ಒಂದು ಕಂಪ್ಯೂಟರ್‌ನಲ್ಲಿ, ಬೇಳೆ ಮಾರಾಟ ಇನ್ನೊಂದರಲ್ಲಿ, ಲಾರಿ ಬಾಡಿಗೆ ಕೆಂಪು ಪುಸ್ತಕದಲ್ಲಿ. ಐದು ಸೀಸನ್‌ಗಳಲ್ಲಿ ಯಾವ ವಾರ ಕೊಂಡ ತೊಗರಿಯಿಂದ ಕ್ವಿಂಟಲ್‌ಗೆ ಎಷ್ಟು ಬೇಳೆ ಬಂತು, ಎಷ್ಟು ನುಚ್ಚಾಯಿತು? ಹೇಳೋದು ಕಷ್ಟ, ಅಲ್ವಾ? ಕ್ಲೌಡ್‌ನಲ್ಲಿ ಸಿಗುವ ಡೇಟಾ ವೇರ್‌ಹೌಸ್, ಅಂದರೆ ಲೆಕ್ಕಗಳ ಗೋದಾಮು, ಇದೆಲ್ಲವನ್ನೂ ಒಂದೇ ಕಡೆ ಜೋಡಿಸುತ್ತದೆ. ಒಂದೊಂದು ಕಾಲಂ ಬೇರೆಯಾಗಿ ಇಡುತ್ತದೆ. ಹಾಗಾಗಿ ಬೇಕಾದ ಕಾಲಂ ಮಾತ್ರ ಓದಿ, ಲಕ್ಷಗಟ್ಟಲೆ ಬಿಲ್‌ಗಳಿಂದಲೂ ಸೆಕೆಂಡುಗಳಲ್ಲಿ ಉತ್ತರ ತೆಗೆಯುತ್ತದೆ.

ಸರ್ವರ್ ಕೊಳ್ಳಬೇಕಿಲ್ಲ. ಗೂಗಲ್‌ನ ಡೇಟಾ ವೇರ್‌ಹೌಸ್ ಸೇವೆಯಾದ ಬಿಗ್‌ಕ್ವೆರಿಯಲ್ಲಿ ತಿಂಗಳಿಗೆ 10 ಜಿಬಿ ಸಂಗ್ರಹ, 1 ಟಿಬಿವರೆಗಿನ ಹುಡುಕಾಟ ಉಚಿತ. ಸೀಸನ್ ಮುಗಿದು ಬಳಕೆ ಇಳಿದರೆ ಖರ್ಚೂ ಇಳಿಯುತ್ತದೆ.

ದಿನಕ್ಕೆ ಇಪ್ಪತ್ತು ಬಿಲ್ ಹಾಕುವ ಅಂಗಡಿಗೆ ಇಷ್ಟೆಲ್ಲ ಜಾಸ್ತಿಯೇ ಆಯಿತು. ಅಲ್ಲಿ ಎಕ್ಸೆಲ್ ಸಾಕು. ಅದರ ಒಂದು ಕಾಪಿ ಮಾತ್ರ ತಪ್ಪದೆ ಬೇರೆ ಕಡೆ ಇಡಿ.