ಕೆಂಪು ದೀಪ ಇಲ್ಲವಲ್ಲ ಮ್ಯಾಡಂ, ಎಲ್ಲ ಸರಿಯಿದೆ

ಇನ್ನು ಯಾರೂ ನನಗೆ ‘ರೌಟರ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ನೋಡಿ’ ಎಂದು ಹೇಳಬೇಡಿ. ಮಾಡಿದ್ದೇನೆ. ಬೆಳಿಗ್ಗೆ ಕುಕ್ಕರ್ ಕೂಗುವಾಗ ಮಾಡಿದ್ದೇನೆ, ನಡುರಾತ್ರಿ ಎದ್ದು ಬಂದು ಮಾಡಿದ್ದೇನೆ. ಮುಂಬೈ ಪಕ್ಕದ ಡೊಂಬಿವಲಿಯ ಈ ಮನೆಯಲ್ಲಿ ಆ ಸ್ವಿಚ್ಚಿನಷ್ಟು ನನ್ನ ಕೈ ತಾಗಿದ ವಸ್ತು ಇನ್ನೊಂದಿಲ್ಲ.

ತೊಂದರೆ ಇಷ್ಟೇ: ನನ್ನ ಲ್ಯಾಪ್‌ಟಾಪಿಗೆ ನನ್ನ ಮನೆಯ ವೈ-ಫೈ ಕಾಣುವುದೇ ಇಲ್ಲ. ನೆಟ್ ನಿಧಾನವಾಗಿದೆ ಎಂದಲ್ಲ, ಪಾಸ್‌ವರ್ಡ್ ತಪ್ಪಿದೆ ಎಂದಲ್ಲ. ಪಟ್ಟಿಯಲ್ಲಿ ಹೆಸರೇ ಇರುವುದಿಲ್ಲ. ಮೇಲಿನ ಮಹಡಿಯವರದು ಕಾಣುತ್ತದೆ. ಎದುರಿನ ವಿಂಗ್‌ನವರದು ಕಾಣುತ್ತದೆ. ತಮ್ಮ ವೈ-ಫೈಗೆ ‘ಫುಕಟ್ ಮಿಳಣಾರ್ ನಾಹೀ’ (ಬಿಟ್ಟಿ ಸಿಗುವುದಿಲ್ಲ) ಎಂದು ಮರಾಠಿಯಲ್ಲಿ ಹೆಸರಿಟ್ಟ ಪುಣ್ಯಾತ್ಮರೊಬ್ಬರದು ಎಲ್ಲಕ್ಕಿಂತ ಮೇಲೆ ಮೆರೆಯುತ್ತಿರುತ್ತದೆ. ವರ್ಷದ ದುಡ್ಡನ್ನು ಮುಂಗಡವಾಗಿ ಸುರಿದು ಹಾಕಿಸಿಕೊಂಡ ನನ್ನದು ಮಾತ್ರ ಮಾಯ. ಅದೇ ಹೊತ್ತಿಗೆ ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಮಗಳು ಮೊಬೈಲಿನಲ್ಲಿ ಸರಾಗವಾಗಿ ವಿಡಿಯೊ ನೋಡುತ್ತಿರುತ್ತಾಳೆ, ಅದೇ ವೈ-ಫೈಯಲ್ಲಿ.

ನಾನೇನು ಹೊತ್ತು ಕಳೆಯಲು ನೆಟ್ ಹಾಕಿಸಿಕೊಂಡವಳಲ್ಲ. ಮಾಟುಂಗಾದಿಂದ ಠಾಣೆಯವರೆಗೆ ನಮ್ಮ ಉಡುಪಿ, ಕುಂದಾಪುರದ ಕಡೆಯವರ ಹೋಟೆಲ್‌ಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ತಿಂಗಳ ಜಿಎಸ್‌ಟಿ ಲೆಕ್ಕ ಸಲ್ಲಿಸುವ 3ಬಿ ರಿಟರ್ನ್‌ಗೆ 20ನೇ ತಾರೀಖು ಕೊನೆಯ ದಿನ. ತಪ್ಪಿದರೆ ದಿನಕ್ಕೆ 50 ರೂಪಾಯಿ ವಿಳಂಬ ಶುಲ್ಕ, ಬಾಕಿ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18ರ ಬಡ್ಡಿ. ಕಳೆದ 20ರ ಸಂಜೆ ಒಬ್ಬ ಯಜಮಾನರು ಗಲ್ಲಾದ ಮುಂದೆ ಕುಳಿತು, ‘ಎರಡು ಮಸಾಲೆ, ಒಂದು ಸೆಟ್’ ಎಂಬ ಕೂಗಿನ ನಡುವೆ, ತಮ್ಮ ಮೊಬೈಲಿಗೆ ಬಂದ ಒಟಿಪಿಯನ್ನು ಒಂದೊಂದೇ ಅಂಕಿಯಾಗಿ ಹೇಳುತ್ತಿದ್ದರು. ಮಳೆ ಜೋರಾಗಿತ್ತು. ಕರೆಂಟ್ ಕ್ಷಣಮಾತ್ರ ಹೋಗಿ ಬಂತು. ರೌಟರಿನ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಮನೆಯ ವೈ-ಫೈ ಇಲ್ಲ. ‘ಬಂತೇ ಅಕ್ಕ? ಬೇಗ ನೋಡಿ ಮಾರಾಯ್ರೆ, ಗಿರಾಕಿಗಳು ಕಾಯುತ್ತಿದ್ದಾರೆ’ ಎಂದು ಆ ಕಡೆಯಿಂದ ಅವರು. ಕೊನೆಗೆ ಮೊಬೈಲಿನ ಹಾಟ್‌ಸ್ಪಾಟ್ ಹಚ್ಚಿ, ಹೊಸ ಒಟಿಪಿ ತರಿಸಿ ಮುಗಿಸಿದೆ.

ಹಾಟ್‌ಸ್ಪಾಟ್ ಹಿಡಿಯಿತು, ಗಮನಿಸಿ. ಅಂದರೆ ಲ್ಯಾಪ್‌ಟಾಪಿನ ವೈ-ಫೈ ಸತ್ತಿಲ್ಲ. ಇದನ್ನು ಕಸ್ಟಮರ್ ಕೇರಿನವರಿಗೆ ಬಿಡಿಸಿ ಬಿಡಿಸಿ ಹೇಳಿದೆ. ಅವರ ಉತ್ತರ: ‘ರೌಟರಿನಲ್ಲಿ ಕೆಂಪು ದೀಪ ಇದೆಯೇ ಮ್ಯಾಡಂ?’ ಇಲ್ಲ. ‘ಹಾಗಾದರೆ ನಮ್ಮ ಕಡೆಯಿಂದ ಎಲ್ಲ ಸರಿಯಿದೆ. ಒಮ್ಮೆ ರೀಸ್ಟಾರ್ಟ್ ಮಾಡಿ.’ ಕೆಂಪು ದೀಪ ಹೇಳುವುದು ಹೊರಗಿನಿಂದ ಬರುವ ಫೈಬರಿನಲ್ಲಿ ಬೆಳಕು ಬರುತ್ತಿಲ್ಲ ಎಂದು, ನಾನು ಕೇಳುತ್ತಿರುವುದು ಮನೆಯೊಳಗಿನ ಗಾಳಿಯ ವಿಷಯ. ಯಾರಿಗೆ ಹೇಳುವುದು? ರೀಸ್ಟಾರ್ಟ್ ಮಾಡಿದರೆ ಒಮ್ಮೊಮ್ಮೆ ಬರುತ್ತದೆ. ಬಂದ ಐದೇ ನಿಮಿಷಕ್ಕೆ ‘ನಿಮ್ಮ ದೂರನ್ನು ಪರಿಹರಿಸಲಾಗಿದೆ’ ಎಂಬ ಎಸ್ಸೆಮ್ಮೆಸ್. ರಾತ್ರಿ ಮತ್ತೆ ಮಾಯ. ಮರುದಿನ ಫೋನ್ ಮಾಡಿದರೆ ಹೊಸ ದೂರು, ಹೊಸ ಸಂಖ್ಯೆ, ಮತ್ತೆ ಮೊದಲಿನಿಂದ ಕೆಂಪು ದೀಪದ ಪುರಾಣ.

ಜಗಳವಾಡಿದ ಮೇಲೆ ಒಬ್ಬ ಹುಡುಗನನ್ನು ಕಳಿಸಿದರು. ಬಾಗಿಲಲ್ಲಿ ನಿಂತು ಅವನು ಕೇಳಿದ ಮೊದಲ ಪ್ರಶ್ನೆ, ‘ಕಾಕೂ, ಮನೆಯಲ್ಲಿ ಸರ್ ಇಲ್ಲವೇ?’ ಸರ್ ಇದ್ದಾರಪ್ಪ. ಮನೆಯ ವೈ-ಫೈ ಪಾಸ್‌ವರ್ಡ್ ಏನೆಂದು ಇಂದಿಗೂ ನನ್ನನ್ನೇ ಕೇಳುವ ಸರ್. ಅವರು ಪಂಚೆ ಸರಿಪಡಿಸಿಕೊಂಡು ಬಂದು ನಿಂತರು, ಅವನು ತನ್ನ ಮೊಬೈಲ್ ತೆಗೆದು ವೇಗದ ಮುಳ್ಳು ಮೇಲೇರುವುದನ್ನು ಅವರಿಗೆ ತೋರಿಸಿದ, ಅವರು ತಲೆಯಾಡಿಸಿದರು. ನಾನು ಲ್ಯಾಪ್‌ಟಾಪ್ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ನನ್ನ ಕಡೆ ತಿರುಗಿ, ‘ಲ್ಯಾಪ್‌ಟಾಪ್ ಹಳೆಯದು, ಹೊಸದು ತೆಗೆದುಕೊಳ್ಳಿ’ ಎಂದ. ಕೆಲಸ ಮುಗಿಯಿತೆಂದು ನನ್ನ ಮೊಬೈಲಿಗೆ ಬಂದ ಕೋಡ್ ಕೇಳಿ ಪಡೆದು ಹೋದ.

ಲ್ಯಾಪ್‌ಟಾಪಿನ ಅಂಗಡಿಯವನು ಹೇಳಿದ್ದು, ದೋಷ ನೆಟ್ಟಿನದು. ನೆಟ್ಟಿನವರು ಹೇಳಿದ್ದು, ದೋಷ ಲ್ಯಾಪ್‌ಟಾಪಿನದು. ಇನ್ನು ಲ್ಯಾಪ್‌ಟಾಪಿನೊಳಗೇ ಕುಳಿತಿರುವ ದೋಷ ಪತ್ತೆಯ ವ್ಯವಸ್ಥೆ ನಿಮಿಷಗಟ್ಟಲೆ ಚುಕ್ಕೆಗಳನ್ನು ಓಡಿಸಿ, ಸಮಸ್ಯೆಯನ್ನು ಗುರುತಿಸಲಾಗಲಿಲ್ಲ ಎಂದು ಕೈ ತೊಳೆದುಕೊಂಡಿತು. ವೈ-ಫೈ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಸಾಫ್ಟ್‌ವೇರನ್ನು ತೆಗೆದು ಮತ್ತೆ ಹಾಕಿದೆ. ವಿದ್ಯುತ್ ಉಳಿಸಲು ವೈ-ಫೈ ಕಾರ್ಡನ್ನು ಮಲಗಿಸುವ ಆಯ್ಕೆಯನ್ನು ತೆಗೆದೆ. ಏನೂ ಆಗಲಿಲ್ಲ.

ಕಡೆಗೆ ಬಿಡಿಸಿದ್ದು ನಮ್ಮ ಸೊಸೈಟಿಯಲ್ಲೇ ಬಾಡಿಗೆಗಿರುವ ಧಾರವಾಡದ ಹುಡುಗಿ. ನವಿ ಮುಂಬೈಯ ಐರೋಲಿಯಲ್ಲಿ ನೆಟ್‌ವರ್ಕ್ ಕೆಲಸ. ಅವಳು ಮೊಬೈಲಿನಲ್ಲಿ ಒಂದು ಆ್ಯಪ್ ತೆರೆದಳು. ಸುತ್ತಲಿನ ವೈ-ಫೈಗಳೆಲ್ಲ ಗುಡ್ಡಗಳಾಗಿ ಕಂಡವು: 1, 6 ಮತ್ತು 11 ಎಂಬ ಚಾನೆಲ್ ಸಂಖ್ಯೆಗಳ ಮೇಲೆ ಒಂದರ ಮೈಮೇಲೊಂದು ಬಿದ್ದ ಬಣ್ಣಬಣ್ಣದ ಗುಡ್ಡಗಳು, ಬಲತುದಿಯಲ್ಲಿ ಮಾತ್ರ ಒಂಟಿ ಗುಡ್ಡ. 13. ನಮ್ಮ ಮನೆಯದು. ‘ಈ ಲ್ಯಾಪ್‌ಟಾಪ್ ಎಲ್ಲಿಯದು ಅಕ್ಕಾರ?’ ಎಂದು ಕೇಳಿದಳು. ಅಣ್ಣ ಅಮೆರಿಕದಿಂದ ಬರುವಾಗ ತಂದುಕೊಟ್ಟದ್ದು ಎಂದೆ. ‘ಮತ್ತೇನು’ ಎಂದು ನಕ್ಕಳು.

ಅವಳು ಹೇಳಿದ್ದು ಇದು. ವೈ-ಫೈಯ 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ನಮ್ಮಲ್ಲಿ 1ರಿಂದ 13ರವರೆಗೆ ಚಾನೆಲ್‌ಗಳಿವೆ, ಅಂದರೆ ಸಿಗ್ನಲ್ ಓಡಾಡುವ ಓಣಿಗಳು. ಒಂದರ ಸದ್ದು ಇನ್ನೊಂದಕ್ಕೆ ತಾಗಬಾರದೆಂದರೆ 1, 6, 11 ಎಂದು ಬಿಟ್ಟು ಬಿಟ್ಟು ಹಿಡಿಯಬೇಕು, ಹಾಗಾಗಿ ಎಲ್ಲರೂ ಅವುಗಳ ಮೇಲೆಯೇ. ಅಮೆರಿಕದಲ್ಲಿ 12 ಮತ್ತು 13ಕ್ಕೆ ಬಿಗಿಯಾದ ನಿರ್ಬಂಧ ಇರುವುದರಿಂದ ಅಲ್ಲಿ ಮಾರುವ ಎಷ್ಟೋ ಕಾರ್ಡ್‌ಗಳು 11ರ ಆಚೆಗೆ ಕಿವಿ ಮುಚ್ಚಿಕೊಳ್ಳುತ್ತವೆ. ನನ್ನದು ಅಂಥದ್ದು, ಮೇಲಾಗಿ 5 ಗಿಗಾಹರ್ಟ್ಸ್ ಎಂಬ ಇನ್ನೊಂದು ತರಂಗಪಟ್ಟಿ ಗೊತ್ತೇ ಇಲ್ಲದ ಹಳೆಯ ಕಾರ್ಡ್. ಡ್ರೈವರಿನಲ್ಲಿ ದೇಶ ಬದಲಿಸೋಣವೆಂದರೆ ಅದಕ್ಕೆ ಆಯ್ಕೆಯೇ ಇಲ್ಲ. ಕಂಪನಿಯವರು ರೌಟರನ್ನು ‘ಆಟೋ’ದಲ್ಲಿ ಬಿಟ್ಟು ಹೋಗಿದ್ದಾರೆ. ಅದು ಪ್ರತಿ ಸಲ ಏಳುವಾಗ ಸುತ್ತ ನೋಡಿ ಖಾಲಿ ಜಾಗ ಹುಡುಕುತ್ತದೆ. ಗೋಡೆಗೆ ಗೋಡೆ ಅಂಟಿದ ನಮ್ಮ ಕಟ್ಟಡದಲ್ಲಿ ಖಾಲಿ ಇರುವುದು 13. ಒಮ್ಮೊಮ್ಮೆ 6ಕ್ಕೋ 11ಕ್ಕೋ ಹೋಗಿ ಕೂರುತ್ತದೆ. ಆಗ ನನ್ನ ಪಟ್ಟಿಯಲ್ಲಿ ಹೆಸರು ಬರುತ್ತದೆ, ಆಗಲೇ ಅವರು ದೂರು ಮುಚ್ಚುತ್ತಾರೆ!

ನನಗೆ ಪಿತ್ತ ನೆತ್ತಿಗೇರಿದ್ದು ಅಲ್ಲಿ. ‘ರೀಸ್ಟಾರ್ಟ್ ಮಾಡಿ’ ಎಂಬುದು ಲಾಟರಿ. ಹತ್ತಿದರೆ ಅವರ ಸೇವೆ, ಹತ್ತದಿದ್ದರೆ ನನ್ನ ಹಳೆಯ ಲ್ಯಾಪ್‌ಟಾಪ್. ನಡುವೆ ಒಬ್ಬನೇ ಒಬ್ಬ, ರೌಟರ್ ಯಾವ ಚಾನೆಲ್ ಮೇಲಿದೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ.

ಪರಿಹಾರ ಒಂದು ನಿಮಿಷದ್ದು. ಬ್ರೌಸರಿನಲ್ಲಿ ರೌಟರಿನ ವಿಳಾಸ 192.168.1.1 ತೆರೆದು, ‘ಆಟೋ’ ತೆಗೆದು 6 ಅಥವಾ 11 ಹಾಕಬೇಕು, ಅಷ್ಟೇ. ಪುಟ ತೆರೆಯಿತು, ಪಾಸ್‌ವರ್ಡ್ ಕೇಳಿತು. ರೌಟರಿನ ಬೆನ್ನ ಮೇಲಿನ ಚೀಟಿಯಲ್ಲಿರುವುದು ನಡೆಯಲಿಲ್ಲ, ಕಂಪನಿಯವರು ಬದಲಿಸಿಟ್ಟಿದ್ದಾರೆ. ಕೇಳಿದರೆ, ‘ಸುರಕ್ಷತೆಯ ಕಾರಣದಿಂದ ಗ್ರಾಹಕರಿಗೆ ಕೊಡುವಂತಿಲ್ಲ ಮ್ಯಾಡಂ.’ ಯಾರ ಸುರಕ್ಷತೆ? ನನ್ನ ಮನೆ, ನನ್ನ ಕರೆಂಟ್, ಆ ಡಬ್ಬಕ್ಕೆ ಠೇವಣಿ ಕಟ್ಟಿದವಳು ನಾನು. ಸರಿ, ನೀವೇ ಅಲ್ಲಿಂದ ಚಾನೆಲ್ ಬದಲಿಸಿಕೊಡಿ ಎಂದೆ. ‘ಯಾವ ಚಾನೆಲ್ ಬೇಕು ಮ್ಯಾಡಂ? ಕನ್ನಡ ಪ್ಯಾಕ್ ಇದೆ, ತಿಂಗಳಿಗೆ ಬೇರೆ ದುಡ್ಡಾಗುತ್ತದೆ.’ ಫೋನ್ ಕೆಳಗಿಟ್ಟೆ. ಎತ್ತಿ ಎಸೆಯಲಿಲ್ಲ, ಒಟಿಪಿಗಳಿಗೆ ಅದೊಂದೇ ಗತಿ.

ಈಗ ಹಾಲ್‌ನ ಬಾಗಿಲ ಬಳಿಯ ರೌಟರಿನಿಂದ ನನ್ನ ಮೇಜಿನವರೆಗೆ ನೀಲಿ ಕೇಬಲ್ ಎಳೆದಿದ್ದೇನೆ. ಕೆಲಸದ ಬಾಯಿ ಕಸ ಗುಡಿಸುವಾಗ ದಿನಾ ಅದನ್ನು ಪೊರಕೆಯ ತುದಿಯಲ್ಲಿ ಎತ್ತಿ, ನನ್ನ ಮುಖ ನೋಡಿ, ಏನೂ ಹೇಳದೆ ಕೆಳಗೆ ಬಿಡುತ್ತಾಳೆ. ಅತ್ತೆ ಎರಡೂ ಕೈಯಲ್ಲಿ ಗೋಡೆ ಹಿಡಿದು ದಾಟುತ್ತಾರೆ. ವೈರ್ ಇಲ್ಲದ ಇಂಟರ್ನೆಟ್ಟಿಗೆ ದುಡ್ಡು ಕಟ್ಟಿದ ಮನೆ ಇದು.

ನಿನ್ನೆ ಅದೇ ಹುಡುಗ ಮತ್ತೆ ಬಂದಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ, ಸುರಿಯುವ ಮಳೆಯಲ್ಲಿ ಬೈಕ್ ಮೇಲೆ ಮನೆಯಿಂದ ಮನೆಗೆ ಅಲೆಯುವವನು. ರೀಸ್ಟಾರ್ಟ್ ಮಾಡಿದ, ಮುಳ್ಳು ತೋರಿಸಿದ, ಕೋಡ್ ಕೇಳಿದ. ಕೊಡಲಿಲ್ಲ. ‘ಕೋಡ್ ಇಲ್ಲದೆ ಹೋದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ ಕಾಕೂ’ ಎಂದ. ಚಹಾ ಕೊಟ್ಟೆ, ಬಿಸ್ಕತ್ತು ಕೊಟ್ಟೆ, ಕೋಡ್ ಕೊಡಲಿಲ್ಲ. ಅವನೆದುರೇ ಅವನ ಮೇಲಧಿಕಾರಿಗೆ ಫೋನ್ ಮಾಡಿ ಹೇಳಿದ್ದೇನೆ: 20ರೊಳಗೆ ರೌಟರಿನ ಪಾಸ್‌ವರ್ಡ್ ಬರಬೇಕು, ಇಲ್ಲವೇ ನೀವೇ 11ರ ಮೇಲೆ ಕೂರಿಸಿ ತೋರಿಸಬೇಕು, ಈ ಹುಡುಗನ ಸಂಬಳಕ್ಕೆ ಕೈ ಹಾಕಕೂಡದು. ಅದಾದ ಮೇಲೆಯೇ ಕೋಡ್. ಸರ್ ಬಂದು ಕೇಳಿದರೂ ಅಷ್ಟೇ.