ಸೋಲೇ ಕಾಣದ ಅಣ್ಣ

ನಮ್ಮ ಏರಿಯಾದ ಅಣ್ಣನ ಚುನಾವಣಾ ದಾಖಲೆ ಕೇಳಿದರೆ ದೊಡ್ಡ ದೊಡ್ಡ ಲೀಡರುಗಳೂ ನಾಚಬೇಕು. ಹತ್ತು ವರ್ಷದಿಂದ ಒಂದೇ ಒಂದು ಪಾಲಿಕೆ ಚುನಾವಣೆ ಸೋತಿಲ್ಲ. ಠೇವಣಿಯೂ ಹೋಗಿಲ್ಲ. ಗೆದ್ದಿದ್ದಾರಾ ಅಂತ ಮಾತ್ರ ಕೇಳಬೇಡಿ. ಚುನಾವಣೆ ನಡೆದಿದ್ದರೆ ತಾನೆ?

ಬೆಂಗಳೂರಿನಲ್ಲಿ ಕಾರ್ಪೊರೇಟರ್ ಆರಿಸಲು ನಾವು ಬೆರಳಿಗೆ ಶಾಯಿ ಹಚ್ಚಿಸಿಕೊಂಡಿದ್ದು 2015ರ ಆಗಸ್ಟಿನಲ್ಲಿ. ಆ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕು ಅಂತ ಸಂವಿಧಾನದಲ್ಲಿದೆ. ಈಗಲೂ ಇದೆ, ಎಲ್ಲೂ ಹೋಗಿಲ್ಲ. ಆಡಳಿತಾಧಿಕಾರಿ ಬಂದು ಕೂತರು. 2025 ಪೂರ್ತಿ ಕಳೆದರೂ ಮತಯಂತ್ರ ಹೊರಗೆ ಬರಲಿಲ್ಲ. ಮಧ್ಯದಲ್ಲಿ ಸರ್ಕಾರ ಬದಲಾಯಿತು. ಈ ಒಂದು ವಿಷಯದಲ್ಲಿ ಮಾತ್ರ ಬಿಜೆಪಿಗೂ ಕಾಂಗ್ರೆಸ್ಸಿಗೂ ಎಂಥ ಹೊಂದಾಣಿಕೆ ಅಂತೀರಿ! ನಮ್ಮ ವಠಾರದಲ್ಲಿ ನೀರು ಹಿಡಿಯೋಕೂ ಅಷ್ಟು ಒಗ್ಗಟ್ಟಿಲ್ಲ.

ಅಣ್ಣ ತಯಾರಿ ಬಿಟ್ಟವರಲ್ಲ. 198 ವಾರ್ಡ್ ಇದ್ದಾಗಲೇ 'ಮುಂದಿನ ಕಾರ್ಪೊರೇಟರ್' ಅಂತ ಫ್ಲೆಕ್ಸ್ ಹಾಕಿಸಿದ್ದರು. 2022ರಲ್ಲಿ 243 ಆಯಿತು, ಹೊಸ ಫ್ಲೆಕ್ಸ್. ಅಷ್ಟರಲ್ಲಿ ಮೀಸಲಾತಿ ಪಟ್ಟಿ ಬಂದು ವಾರ್ಡ್ ಮಹಿಳೆಗೆ ಹೋಯಿತು. ರಾತ್ರೋರಾತ್ರಿ ಅತ್ತಿಗೆ ಸಮಾಜ ಸೇವಕಿಯಾದರು. ಅವರ ಮುಖ ಫ್ಲೆಕ್ಸಿನ ನಡುಮಧ್ಯಕ್ಕೆ ಬಂತು, ಅಣ್ಣ ಮೂಲೆಯಲ್ಲಿ ಕೈಮುಗಿದು ನಿಂತರು. ಆ ಪಟ್ಟಿಯನ್ನು ಹೈಕೋರ್ಟ್ ರದ್ದು ಮಾಡಿತು. ಅತ್ತಿಗೆಯ ಸಾರ್ವಜನಿಕ ಜೀವನ ಅಲ್ಲಿಗೆ ಮುಗಿಯಿತು. 2023ರಲ್ಲಿ 225 ಅಂದರು. ಆಮೇಲೆ ಪಾಲಿಕೆಯನ್ನೇ ಐದು ಹೋಳು ಮಾಡಿ, ವಾರ್ಡ್ 369 ಅಂದರು. ವಾರ್ಡುಗಳು ಮರಿ ಹಾಕುತ್ತಲೇ ಇವೆ. ಕಾರ್ಪೊರೇಟರ್ ಮಾತ್ರ ಹುಟ್ಟುತ್ತಿಲ್ಲ.

ಖರ್ಚು ಸುಮ್ನೆ ಆಗುತ್ತಾ? ಗಣೇಶನಿಗೆ ಆರ್ಕೆಸ್ಟ್ರಾ, ಹಬ್ಬಕ್ಕೆ ಕುಕ್ಕರ್, ಕೊರೊನಾದಲ್ಲಿ ರೇಷನ್ ಕಿಟ್. ಪ್ರತಿ ವರ್ಷ ಓಂಶಕ್ತಿ ಮಾಲೆ ಹಾಕಿದ ಹೆಂಗಸರಿಗೆ ತಮಿಳುನಾಡಿನ ಮೇಲ್‌ಮರುವತ್ತೂರು ದೇವಸ್ಥಾನಕ್ಕೆ ಬಸ್ಸು. ಈಗ ಹೊಸ ಗಡಿ ನೋಡಿದರೆ ಆ ಬಸ್ಸಿನಲ್ಲಿದ್ದ ಅರ್ಧ ಜನ ಪಕ್ಕದ ವಾರ್ಡಿನ ಮತದಾರರು. ಡೀಸೆಲ್ ಅಣ್ಣಂದು, ಪುಣ್ಯ ಇನ್ಯಾರದೋ.

ಬೇಜಾರಾಗಿ 2023ರಲ್ಲಿ ವಿಧಾನಸಭೆ ಟಿಕೆಟ್ ಕೇಳೋಕೆ ಹೋದರು. ಆ ಚುನಾವಣೆ ಗಡಿಯಾರ ಇಟ್ಟ ಹಾಗೆ ಟೈಮಿಗೆ ಸರಿಯಾಗಿ ನಡೆಯುತ್ತೆ ನೋಡಿ.

"ಮೊದಲು ಕಾರ್ಪೊರೇಟರ್ ಆಗಿ ಬಾರಪ್ಪ" ಅಂದರಂತೆ ಪಕ್ಷದ ಹಿರಿಯರು.

"ಚುನಾವಣೆ ಯಾವಾಗ ಸಾರ್?"

"ಅದು ಕೋರ್ಟಿನಲ್ಲಿದೆಯಲ್ಲಪ್ಪ."

ಹೀಗಾಗಿ ಮೋರಿ ಕಟ್ಟಿಕೊಂಡರೂ ನಾವು ಶಾಸಕರ ಆಫೀಸಿಗೇ ಓಡಬೇಕು. ಶಾಸಕರಿಗೂ ಪಾಪ, ಗುದ್ದಲಿಪೂಜೆಯಲ್ಲಿ ಗುದ್ದಲಿಗೆ ಇನ್ನೊಂದು ಕೈ ಅಡ್ಡ ಬರುವುದಿಲ್ಲ. ಚುನಾವಣೆ ಬೇಗ ಆಗಲಿ ಅಂತ ಅವರು ದಿನಾ ದೇವರಲ್ಲಿ ಬೇಡಿಕೊಳ್ಳುತ್ತಿರಬೇಕು, ಅಲ್ವಾ?

ಅಣ್ಣನಿಗಿಂತ ನನಗೆ ಅಯ್ಯೋ ಅನಿಸುವುದು ನಮ್ಮ ಮಾಜಿ ಕಾರ್ಪೊರೇಟರ್ ಬಗ್ಗೆ. ಕಾರ್ಪೊರೇಟರ್ ಆಗಿದ್ದು ಐದು ವರ್ಷ. ಮಾಜಿ ಆಗಿ ಅದಕ್ಕಿಂತ ಜಾಸ್ತಿ ಆಯಿತು. ಅವರನ್ನು ಯಾರೂ ಸೋಲಿಸಿಲ್ಲ. ಸೋಲಿಸುವ ನಮ್ಮ ಹಕ್ಕನ್ನೂ ನಾವು ಬಳಸಿಲ್ಲ.

ಮೊನ್ನೆ ಫ್ಲೆಕ್ಸ್ ಅಂಗಡಿಯಲ್ಲಿ ಅಣ್ಣ ಸಿಕ್ಕಿದರು. ಹುಟ್ಟುಹಬ್ಬದ ಫ್ಲೆಕ್ಸ್ ರೆಡಿಯಾಗುತ್ತಿತ್ತು. ಹುಡುಗ ಕೇಳಿದ, "ವಾರ್ಡ್ ನಂಬರ್ ಎಷ್ಟು ಹಾಕಲಿ ಅಣ್ಣ?"

ಅಣ್ಣ ಒಂದು ನಿಮಿಷ ಯೋಚಿಸಿದರು.

"ಅಲ್ಲಿ ಖಾಲಿ ಬಿಡೋ. ಒಂದು ಮಾರ್ಕರ್ ಕೊಡು."