ಕೂಸಿನ ಮಾರಿಗೆ ಹಸಿರು ಯಾಕ ಹಚ್ಚಿದಿ ಅಂದವರಿಗೆ

ನಿನ್ನೆ ಸಂಜೆಯಿಂದ ಮನಸ್ಸಿಗೆ ಸಮಾಧಾನವಿಲ್ಲ. ನಡೆದದ್ದು ಇಲ್ಲೇ, ಧಾರವಾಡದ ಸಪ್ತಾಪುರದ ನಮ್ಮ ಓಣಿಯಲ್ಲಿ.

ಪಕ್ಕದ ಮನೆಯವರು ಆರು ವರ್ಷದ ಮಗಳ ಚಿತ್ರ ಬರೆಸಿದ್ದರು. ಬರೆದವನು ನನ್ನ ಹತ್ತಿರ ಡ್ರಾಯಿಂಗ್ ಕಲಿತ ಹುಡುಗ. ಹತ್ತು ದಿನ ಅವರ ಹಿತ್ತಲಿನ ಪ್ಯಾರಲ ಗಿಡದ ಕೆಳಗೆ ಕೂಸನ್ನು ಕೂರಿಸಿಕೊಂಡು ಆಯಿಲ್ ಬಣ್ಣದಲ್ಲಿ ಮಾಡಿದ. ಕೈಯಲ್ಲಿ ಅರ್ಧ ಕಚ್ಚಿದ ಪ್ಯಾರಲ ಹಣ್ಣು, ಆ ಕೈ ಮುಖದಷ್ಟೇ ದೊಡ್ಡದು. ತುಟಿ ಬಿಗಿ. ಕಣ್ಣ ಕೆಳಗೆ, ಗಲ್ಲದ ಬದಿಗೆ ದಪ್ಪ ಹಸಿರು. ನಾನು ಸುಮ್ಮನೆ ನಿಂತುಬಿಟ್ಟೆ.

ನೆಂಟರು ಸುಮ್ಮನೆ ನಿಲ್ಲಲಿಲ್ಲ. "ಏನೋ ತಮ್ಮಾ, ಇಷ್ಟ ಚಂದನ ಹುಡಿಗಿನ್ನ ಕರ್ರಗ ಮಾಡಿಟ್ಟೀಯಲ್ಲೋ? ಮಾರಿಗೆ ಹಸಿರು ಯಾಕ ಹಚ್ಚಿದಿ? ಒಂಚೂರು ನಗಿಸಬಾರದಿತ್ತ?" ಹುಡುಗ ತಲೆ ಬಗ್ಗಿಸಿ ನಿಂತ. ನನಗೆ ಮೈಯೆಲ್ಲ ಉರಿಯಿತು.

ಹಸಿರು ಯಾಕೆ ಅಂದರೆ, ಅಲ್ಲಿ ಹಸಿರು ಇತ್ತು. ಎಲೆಗಳ ಕೆಳಗೆ ಕೂತವರ ಮುಖದ ಮೇಲೆ ಎಲೆಯ ಬೆಳಕು ಬೀಳುತ್ತದೆ. ಗುರುತಿನ ಮುಖ ಅಂತ ನಮ್ಮ ಮನಸ್ಸು ಅದನ್ನು ಅಳಿಸಿಕೊಂಡು ನೋಡುತ್ತದೆ, ಅವನು ಅಳಿಸಲಿಲ್ಲ. ಅಷ್ಟಕ್ಕೇ ನಿಲ್ಲಿಸದೆ ಕಂಡದ್ದಕ್ಕಿಂತ ಎರಡು ಪಟ್ಟು ಹಚ್ಚಿದ, ಯಾಕೆಂದರೆ ಆ ಹತ್ತು ದಿನ ಹುಡುಗಿಯ ಅವ್ವ ದವಾಖಾನೆಯಲ್ಲಿದ್ದಳು. ಆ ಮುಖಕ್ಕೆ ಗುಲಾಬಿ ಬಣ್ಣ ಹಚ್ಚಿದ್ದರೆ ಅದು ಸುಳ್ಳಾಗುತ್ತಿತ್ತು.

"ಇದೆಲ್ಲಾ ಫಾರಿನ್ ಚಾಳಿ ಅಕ್ಕೋರ" ಅಂದರು ಒಬ್ಬರು. ಇರಲಿ. ಜರ್ಮನಿಯ ವೊರ್ಪ್ಸ್‌ವೆಡೆ ಎಂಬ ಹಳ್ಳಿಯಲ್ಲಿ ಪೌಲಾ ಮೋಡರ್ಸೋನ್-ಬೆಕರ್ ಎಂಬಾಕೆ ಬಡವರ ಮಕ್ಕಳನ್ನು ಕೂರಿಸಿಕೊಂಡು ಹೀಗೇ ಬರೆದಳು. ದಪ್ಪ ಬಣ್ಣ, ದೊಡ್ಡ ಕಣ್ಣು, ನಗುವಿಲ್ಲದ ಮುಖ. 1907ರಲ್ಲಿ, ಮಗಳನ್ನು ಹೆತ್ತು 18 ದಿನಕ್ಕೆ, 31ನೇ ವಯಸ್ಸಿಗೆ ತೀರಿಕೊಂಡಳು. ಆಮೇಲೆ ನಾಜಿಗಳು ಅವಳ ಚಿತ್ರಗಳನ್ನು ಕೆಟ್ಟ ಕಲೆ ಅಂತ ಮ್ಯೂಸಿಯಮ್ಮುಗಳಿಂದ ತೆಗೆಸಿದರು. ಫಾರಿನ್ನಿನವರಿಗೂ ಅದು ಸಲೀಸಾಗಿ ಗಂಟಲಲ್ಲಿ ಇಳಿದಿರಲಿಲ್ಲ. ನಮ್ಮವಳೇ ಬೇಕೆಂದರೆ ಅಮೃತಾ ಶೇರ್‌ಗಿಲ್ 1935ರಲ್ಲಿ ಬರೆದ ಮೂವರು ಹುಡುಗಿಯರನ್ನು ನೋಡಿ. ಒಬ್ಬಳ ಮುಖದಲ್ಲೂ ನಗುವಿಲ್ಲ, ಮೂವರದೂ ಕಂದು ಮೈಬಣ್ಣ. ಮುಂಬೈಯವರು ಅದಕ್ಕೆ ಬಂಗಾರದ ಪದಕ ಕೊಟ್ಟರು.

ರೊಕ್ಕ ಕೊಟ್ಟವರು ತಮಗೆ ಬೇಕಾದ್ದು ಕೇಳಬಾರದೇ ಅನ್ನುತ್ತೀರಿ. ಕೇಳಲಿ. ಆದರೆ ನಗುವ ಕೂಸು ಅವರ ಫೋನಿನಲ್ಲಿ ಸಾವಿರ ಸಲ ಇದೆಯಲ್ಲ! ಇದೊಂದರಲ್ಲಾದರೂ ಅವಳು ತನ್ನಂತೆ ಇರಲಿ ಬಿಡ್ರಿ.

ನಾನೂ ಅದೇ ತಪ್ಪು ಮಾಡಿದವಳು. ನನ್ನ ಮಗಳಿಗೆ ಮೂರು ತುಂಬಿದಾಗ ಹುಬ್ಬಳ್ಳಿಯ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಿದ್ದೆ. ಜ್ವರ ಇತ್ತು. ಪೌಡರ್ ಬಡಿದು, ಕಾಡಿಗೆ ಹಚ್ಚಿ, ಗಿಲಕಿ ಅಲ್ಲಾಡಿಸಿ ಅಲ್ಲಾಡಿಸಿ ನಗಿಸಿದೆ. ಆ ಫೋಟೋ ಇವತ್ತಿಗೂ ನನ್ನ ಹತ್ತಿರ ಇದೆ. ಅದರಲ್ಲಿ ನನ್ನ ಮಗಳು ಮಾತ್ರ ಇಲ್ಲ. ಆ ದಿನದ ಅವಳ ನಿಜವಾದ ಮುಖ ಹೇಗಿತ್ತು ಅಂತ ಎಷ್ಟು ಸಲ ಕಣ್ಣು ಮುಚ್ಚಿದರೂ ನೆನಪಿಗೆ ಬರುವುದಿಲ್ಲ.

ಹುಡುಗಿಯನ್ನು ಯಾರೂ ಕೇಳಲಿಲ್ಲ. ನಾನು ಕೇಳಿದೆ. "ಇದು ನಾನಽ. ಅವ್ವ ಇರಲಿಲ್ಲಲಾ, ಆವಾಗಿಂದು" ಅಂದಳು. ಅವಳ ಅವ್ವ ಅಡುಗೆಮನೆಗೆ ಹೋಗಿಬಿಟ್ಟಳು.

ಇವತ್ತು ಬೆಳಿಗ್ಗೆ ನೋಡಿದರೆ ಚಿತ್ರವನ್ನು ಟ್ರೆಝರಿ ಕಪಾಟಿನ ಬದಿಗೆ, ಗೋಡೆಗೆ ಮುಖ ಮಾಡಿ ಆನಿಸಿಟ್ಟಿದ್ದಾರೆ. ಆಯಿಲ್ ಬಣ್ಣ ವಾರಗಟ್ಟಲೆ ಹಸಿ ಇರುತ್ತದೆ, ಅದನ್ನಾದರೂ ಕೇಳಿ ತಿಳಿದುಕೊಳ್ಳಬೇಕಿತ್ತು. ಗಲ್ಲದ ಒಂದು ತುಣುಕು ಸುಣ್ಣಕ್ಕೆ ಮೆತ್ತಿಕೊಂಡಿದೆ. ಒಣಗುವ ತನಕ ನನ್ನ ಪಡಸಾಲೆಯಲ್ಲಿರಲಿ ಅಂತ ಕೇಳಿ ಎತ್ತಿಕೊಂಡು ಬಂದೆ. ನಾಳೆ ಆ ಹುಡುಗ ಸರಿ ಮಾಡಲು ಬರುತ್ತಾನೆ. ಗಲ್ಲ ತಿದ್ದಲಿ. ಕಣ್ಣ ಕೆಳಗಿನ ಹಸಿರು ಮುಟ್ಟಲು ಮಾತ್ರ ನಾನು ಬಿಡುವುದಿಲ್ಲ.